ಗ್ಯಾಂಬಿಯಾದ ಮಕ್ಕಳ ಫೈಲು ಮುಚ್ಚಬೇಡಿ

ಗೆ,
ಮಾನ್ಯ ಕೇಂದ್ರ ಆರೋಗ್ಯ ಮತ್ತು ಕುಟುಂಬ ಕಲ್ಯಾಣ ಸಚಿವರು
ಹಾಗೂ
ಭಾರತದ ಔಷಧ ಮಹಾನಿಯಂತ್ರಕರು,
ನವದೆಹಲಿ

ವಿಷಯ: 2022ರಲ್ಲಿ ಗ್ಯಾಂಬಿಯಾಕ್ಕೆ ಹೋದ ಮಕ್ಕಳ ಸಿರಪ್‌ಗಳ ತನಿಖೆಯ ದಾಖಲೆಗಳನ್ನು ಪ್ರಕಟಿಸುವ ಬಗ್ಗೆ, ಮತ್ತು ಆ ದೇಶಕ್ಕೆ ನಾವು ಕೊಡಬೇಕಾದ ನೆರವಿನ ಬಗ್ಗೆ.

ಮಾನ್ಯರೇ,

ನಾನು ದಾವಣಗೆರೆಯಲ್ಲಿ ಮೆಡಿಕಲ್ ಶಾಪ್ ನಡೆಸುವವನು. ಚೀಟಿ ನೋಡಿ ಮಾತ್ರೆ ಎಣಿಸುವುದು, ಮಕ್ಕಳ ಸಿರಪ್ ಎಷ್ಟು ಎಂಎಲ್ ಕುಡಿಸಬೇಕು ಎಂದು ಬಾಟಲಿಯ ಮೇಲೆ ಗೀಟು ಹಾಕಿ ಕೊಡುವುದು ನನ್ನ ದಿನದ ಕೆಲಸ. ಗ್ಯಾಂಬಿಯಾ ದೇಶವನ್ನು ನಾನು ನೋಡಿಲ್ಲ. ಆದರೂ ಆ ದೇಶದ ಪರವಾಗಿ ತಮಗೆ ಬರೆಯುತ್ತಿದ್ದೇನೆ. ಅಲ್ಲಿ ಮಕ್ಕಳು ಕುಡಿದ ಬಾಟಲಿಯ ಮೇಲೆ ನಮ್ಮ ದೇಶದ ಹೆಸರಿತ್ತು.

2022ರ ಅಕ್ಟೋಬರ್‌ನಲ್ಲಿ ಆ ಸುದ್ದಿ ಬಂದಾಗ ನನ್ನ ಅಂಗಡಿಗೂ ಜನ ಬಂದು ವಿಚಾರಿಸಿದರು. ಆ ಸಿರಪ್‌ಗಳು ಗ್ಯಾಂಬಿಯಾಕ್ಕೆ ಮಾತ್ರ ಕಳಿಸಿದ ಮಾಲು, ಭಾರತದಲ್ಲಿ ಮಾರಾಟವಾಗಿಲ್ಲ ಎಂದು ತಮ್ಮ ಸಚಿವಾಲಯ ತಿಳಿಸಿತ್ತು. ನಾನೂ ಅದನ್ನೇ ಹೇಳಿ ಕಳಿಸಿದೆ. ಇಲ್ಲಿಯ ಜನ ಗಾಬರಿಯಾಗದಿರಲಿ ಎಂಬ ಉದ್ದೇಶ ಸರಿಯೇ. ಆದರೆ ಯೋಚಿಸಿದಷ್ಟೂ ಆ ಮಾತು ಚುಚ್ಚುತ್ತದೆ. ನಮ್ಮ ಮಕ್ಕಳಿಗೆ ಕೊಡದ ಔಷಧಿ ಅವರ ಮಕ್ಕಳಿಗೆ ಹೋಯಿತು. ನಮಗೆ ಸಮಾಧಾನವಾಯಿತು. ವಿಷಯ ಅಲ್ಲಿಗೇ ತಣ್ಣಗಾಯಿತು.

ನಡೆದದ್ದನ್ನು ಒಮ್ಮೆ ನೆನಪಿಸುತ್ತೇನೆ. ಗ್ಯಾಂಬಿಯಾ ಎಂದರೆ ಪಶ್ಚಿಮ ಆಫ್ರಿಕಾದಲ್ಲಿ ಒಂದು ನದಿಯ ಎರಡೂ ದಡಕ್ಕೆ ಅಂಟಿಕೊಂಡ ಸಣ್ಣ ದೇಶ. ಸಮುದ್ರದ ಕಡೆ ಬಿಟ್ಟರೆ ಸುತ್ತಲೂ ಸೆನೆಗಲ್. ಜನಸಂಖ್ಯೆ 25 ಲಕ್ಷದೊಳಗೆ. 2022ರ ಜುಲೈ ಹೊತ್ತಿಗೆ ರಾಜಧಾನಿ ಬಂಜುಲ್‌ನ ಎಡ್ವರ್ಡ್ ಫ್ರಾನ್ಸಿಸ್ ಸ್ಮಾಲ್ ಬೋಧನಾ ಆಸ್ಪತ್ರೆಗೆ ಒಂದೇ ಥರದ ತೊಂದರೆಯ ಮಕ್ಕಳು ಬರತೊಡಗಿದರು. ಜ್ವರ, ವಾಂತಿ, ಆಮೇಲೆ ಮೂತ್ರವೇ ನಿಂತುಹೋಗುವುದು. ಹೆಚ್ಚಿನವರು ಎರಡು ವರ್ಷದೊಳಗಿನ ಕೂಸುಗಳು. ಮಳೆಗಾಲ ಬೇರೆ, ನೆರೆ ಬಂದಿತ್ತು. ನೀರಿನಿಂದ ಬಂದ ಇ. ಕೊಲೈ ಸೋಂಕು ಇರಬಹುದೇ ಎಂಬ ಅನುಮಾನ ಮೊದಲು ಬಂತು. ಆದರೆ ಅಲ್ಲಿನ ಕಿಡ್ನಿ ವೈದ್ಯರು ಅಷ್ಟಕ್ಕೇ ಬಿಡದೆ ಜುಲೈ ಕೊನೆಯಲ್ಲಿ ಸರ್ಕಾರವನ್ನು ಎಚ್ಚರಿಸಿದರು. ಮಕ್ಕಳಿಗೆ ಮನೆಯಲ್ಲಿ ಏನೇನು ಕುಡಿಸಿದ್ದರು ಎಂದು ವಿಚಾರಿಸಿದಾಗ ಸಿರಪ್‌ಗಳ ಹೆಸರು ಹೊರಬಂತು.

ಆ ಬಾಟಲಿಗಳನ್ನು ಪರೀಕ್ಷಿಸಲು ಗ್ಯಾಂಬಿಯಾದಲ್ಲಿ ಔಷಧಿ ಲ್ಯಾಬ್ ಇರಲಿಲ್ಲ. ವಿಶ್ವ ಆರೋಗ್ಯ ಸಂಸ್ಥೆ ಘಾನಾ ಮತ್ತು ಸ್ವಿಟ್ಜರ್ಲೆಂಡ್‌ನ ಲ್ಯಾಬ್‌ಗಳಲ್ಲಿ ಪರೀಕ್ಷೆ ಮಾಡಿಸಿತು. ಅಕ್ಟೋಬರ್ 5ರಂದು ಜಗತ್ತಿಗೆಲ್ಲ ಎಚ್ಚರಿಕೆ ಹೊರಡಿಸಿತು. ಪ್ರೊಮೆಥಜೀನ್ ಓರಲ್ ಸೊಲ್ಯೂಶನ್, ಕೊಫೆಕ್ಸ್‌ಮಾಲಿನ್ ಬೇಬಿ ಕಾಫ್ ಸಿರಪ್, ಮೇಕಾಫ್ ಬೇಬಿ ಕಾಫ್ ಸಿರಪ್, ಮ್ಯಾಗ್ರಿಪ್ ಎನ್ ಕೋಲ್ಡ್ ಸಿರಪ್ ಎಂಬ ನಾಲ್ಕು ಹೆಸರು ಅದರಲ್ಲಿದ್ದವು. ತಯಾರಕರು ಹರಿಯಾಣದ ಮೇಡನ್ ಫಾರ್ಮಾಸ್ಯುಟಿಕಲ್ಸ್. ಸಿಕ್ಕ ವಿಷ ಡೈಎಥಿಲೀನ್ ಗ್ಲೈಕಾಲ್ ಮತ್ತು ಎಥಿಲೀನ್ ಗ್ಲೈಕಾಲ್. ಸತ್ತ ಮಕ್ಕಳು ಮೊದಲ ಲೆಕ್ಕದಲ್ಲಿ 66, ಆಮೇಲಿನ ಲೆಕ್ಕದಲ್ಲಿ 70. ಕಂಪನಿ ತನ್ನದು ತಪ್ಪಿಲ್ಲ ಎಂದಿದೆ. ಅದನ್ನೂ ಇಲ್ಲಿ ಹೇಳಿಬಿಡುವುದು ನ್ಯಾಯ.

ಈ ವಿಷದ ಕಥೆ ನಮ್ಮ ಕಸುಬಿನವರಿಗೆ ಹೊಸದಲ್ಲ. ಸಿರಪ್ಪಿನಲ್ಲಿ ಔಷಧಿ ಕರಗಲೆಂದು ಪ್ರೊಪಿಲೀನ್ ಗ್ಲೈಕಾಲ್ ಅಥವಾ ಗ್ಲಿಸರಿನ್ ಹಾಕುತ್ತಾರೆ. ಅದರಂತೆಯೇ ಕಾಣುವ, ಅದರಂತೆಯೇ ಸಿಹಿಯಾದ, ಬೆಲೆಯಲ್ಲಿ ಅಗ್ಗವಾದ ಕಾರ್ಖಾನೆಯ ದ್ರವ ಡೈಎಥಿಲೀನ್ ಗ್ಲೈಕಾಲ್. ಬ್ರೇಕ್ ಆಯಿಲ್‌ನಂಥವಕ್ಕೆ ಬಳಸುವ ವಸ್ತು. ಕಚ್ಚಾ ಮಾಲಿನ ಡ್ರಮ್ಮಿನಲ್ಲಿ ಇದು ಸೇರಿಕೊಂಡರೆ ಕಣ್ಣಿಗೆ, ಮೂಗಿಗೆ, ನಾಲಿಗೆಗೆ ಗೊತ್ತಾಗುವುದಿಲ್ಲ. ಲ್ಯಾಬಿನಲ್ಲಿ ನೋಡಿದರೆ ಮಾತ್ರ ಗೊತ್ತಾಗುತ್ತದೆ. ನೂರಕ್ಕೆ 0.10 ಭಾಗಕ್ಕಿಂತ ಜಾಸ್ತಿ ಇರಬಾರದು ಎಂಬುದು ನಿಯಮ. 1937ರಲ್ಲಿ ಅಮೆರಿಕದಲ್ಲಿ ಇದೇ ವಿಷ ನೂರಕ್ಕೂ ಹೆಚ್ಚು ಜನರನ್ನು ಕೊಂದಿತು. ಮರುವರ್ಷವೇ ಅವರು ಔಷಧಿ ಕಾಯ್ದೆಯನ್ನು ಬಿಗಿ ಮಾಡಿದರು. ನಮ್ಮಲ್ಲಿ 1986ರಲ್ಲಿ ಮುಂಬೈನ ಜೆ.ಜೆ. ಆಸ್ಪತ್ರೆಯಲ್ಲಿ 14 ಜನ ಸತ್ತರು. ನ್ಯಾಯಮೂರ್ತಿ ಲೆಂಟಿನ್ ಆಯೋಗ ಕೂತು ವಿಚಾರಣೆ ನಡೆಸಿತು. 1998ರಲ್ಲಿ ದೆಹಲಿ ಪಕ್ಕದ ಗುರುಗ್ರಾಮ, 2019-20ರಲ್ಲಿ ಜಮ್ಮುವಿನ ರಾಮನಗರ. ಈ ಎರಡೂ ಕಡೆ ಸತ್ತವರು ಮಕ್ಕಳೇ.

ಈಗ ನನ್ನ ಮುಖ್ಯ ದೂರಿಗೆ ಬರುತ್ತೇನೆ.

ಎಚ್ಚರಿಕೆ ಬಂದ ಮೇಲೆ ಹರಿಯಾಣದ ಅಧಿಕಾರಿಗಳು ಕಾರ್ಖಾನೆ ತಪಾಸಣೆ ಮಾಡಿದರು. 12 ಲೋಪಗಳನ್ನು ಪಟ್ಟಿ ಮಾಡಿ ನೋಟಿಸ್ ಕೊಟ್ಟರು. ಪ್ರೊಪಿಲೀನ್ ಗ್ಲೈಕಾಲ್‌ನಲ್ಲಿ ಈ ಎರಡು ವಿಷಗಳಿವೆಯೇ ಎಂದು ಪರೀಕ್ಷೆ ಮಾಡಿಲ್ಲ ಎಂಬುದೂ ಆ ನೋಟಿಸ್‌ನಲ್ಲಿತ್ತು. ಉತ್ಪಾದನೆ ನಿಲ್ಲಿಸಿದರು. ಅಲ್ಲಿಯವರೆಗೆ ಸರಿ. ಆಮೇಲೆ ಸರ್ಕಾರಿ ಲ್ಯಾಬಿನಲ್ಲಿ ಕಂಟ್ರೋಲ್ ಸ್ಯಾಂಪಲ್‌ಗಳ ಪರೀಕ್ಷೆಯಾಯಿತು. ಅವುಗಳಲ್ಲಿ ವಿಷ ಸಿಗಲಿಲ್ಲ, ಮಾಲು ನಿಯಮಕ್ಕೆ ಸರಿಯಾಗಿದೆ ಎಂದು ಡಿಸೆಂಬರ್‌ನಲ್ಲಿ ಔಷಧ ಮಹಾನಿಯಂತ್ರಕರ ಕಚೇರಿ ವಿಶ್ವ ಆರೋಗ್ಯ ಸಂಸ್ಥೆಗೆ ಪತ್ರ ಬರೆಯಿತು. ಸಂಸ್ಥೆಯ ಹೇಳಿಕೆಯಿಂದ ಭಾರತದ ಔಷಧಿಗಳ ಹೆಸರು ಕೆಟ್ಟಿತು ಎಂಬ ಬೇಸರವೂ ಅದರಲ್ಲಿತ್ತು.

ಕಂಟ್ರೋಲ್ ಸ್ಯಾಂಪಲ್ ಎಂದರೆ ಪ್ರತಿ ಬ್ಯಾಚ್ ತಯಾರಾದಾಗ ಕಾರ್ಖಾನೆಯಲ್ಲೇ ಎತ್ತಿಡುವ ಬಾಟಲಿಗಳು. ಅವು ಕಂಪನಿಯ ಕಪಾಟಿನಲ್ಲಿ ಇರುತ್ತವೆ. ಘಾನಾದಲ್ಲಿ, ಸ್ವಿಟ್ಜರ್ಲೆಂಡ್‌ನಲ್ಲಿ ಪರೀಕ್ಷೆಯಾಗಿದ್ದು ಗ್ಯಾಂಬಿಯಾಕ್ಕೆ ಹೋಗಿ ತಲುಪಿದ ಬಾಟಲಿಗಳು. ಒಂದು ಬ್ಯಾಚಿನ ಸಿರಪ್ಪನ್ನು ಒಂದೇ ಟ್ಯಾಂಕಿನಲ್ಲಿ ಕಲಸಿ ತುಂಬುತ್ತಾರೆ. ಹಾಗಿರುವಾಗ ಒಂದು ಬಾಟಲಿಯಲ್ಲಿ ವಿಷ, ಅದೇ ಬ್ಯಾಚಿನ ಇನ್ನೊಂದು ಬಾಟಲಿಯಲ್ಲಿ ಏನೂ ಇಲ್ಲ ಎಂದರೆ ಹೇಗೆ? ಕಪಾಟಿನ ಬಾಟಲಿ ಆ ಬ್ಯಾಚಿನದ್ದಲ್ಲ ಎನ್ನಬೇಕು. ಇಲ್ಲವೇ ಗ್ಯಾಂಬಿಯಾದ ಬಾಟಲಿ ಆ ಬ್ಯಾಚಿನದ್ದಲ್ಲ ಎನ್ನಬೇಕು. ಅದೂ ಅಲ್ಲವಾದರೆ ಎರಡರಲ್ಲಿ ಒಂದು ಕಡೆಯ ಪರೀಕ್ಷೆ ತಪ್ಪು. ಇದರಲ್ಲಿ ಯಾವುದು ನಿಜವಾದರೂ ಅದು ದೊಡ್ಡ ವಿಷಯ, ಅಲ್ವಾ? ತನಿಖೆ ಶುರುವಾಗಬೇಕಿದ್ದ ಜಾಗ ಅದು. ನಾವು ಅಲ್ಲೇ ನಿಲ್ಲಿಸಿ, "ನಮ್ಮ ಲ್ಯಾಬಿನಲ್ಲಿ ಪಾಸಾಗಿದೆ" ಎಂದು ಪತ್ರ ಬರೆದೆವು.

ಇಂಥ ಎರಡು ಲ್ಯಾಬ್, ಎರಡು ಉತ್ತರದ ಗೊಂದಲ ಕರ್ನಾಟಕದವರಿಗೂ ಗೊತ್ತು. 2024ರ ನವೆಂಬರ್‌ನಲ್ಲಿ ಬಳ್ಳಾರಿಯಲ್ಲಿ ಬಾಣಂತಿಯರು ಸತ್ತಾಗ ರಿಂಗರ್ ಲ್ಯಾಕ್ಟೇಟ್ ಡ್ರಿಪ್ಪಿನ ಮೇಲೆ ಅನುಮಾನ ಬಂತು. ರಾಜ್ಯದ ಲ್ಯಾಬ್ ಕಳಪೆ ಎಂದಿದ್ದ ಬ್ಯಾಚುಗಳಲ್ಲಿ ಕೆಲವನ್ನು ಕೇಂದ್ರದ ಲ್ಯಾಬ್ ಸರಿ ಎಂದಿತ್ತು. ನಮಗೆ ವಿಧಾನಸೌಧವಿದೆ, ಪತ್ರಿಕೆಗಳಿವೆ, ನಮ್ಮದೇ ಲ್ಯಾಬ್ ಇದೆ. ಗಟ್ಟಿಯಾಗಿ ಕೇಳಿದೆವು. ಬಂಜುಲ್‌ನ ತಾಯಿ ಯಾರನ್ನು ಕೇಳಬೇಕು?

ಅಲ್ಲಿ ಚಿಕಿತ್ಸೆಯ ಗತಿಯನ್ನೂ ಸ್ವಲ್ಪ ನೋಡಿ. ಕಿಡ್ನಿ ನಿಂತ ಕೂಸಿಗೆ ಡಯಾಲಿಸಿಸ್ ಬೇಕು. ಅಷ್ಟು ಚಿಕ್ಕ ಮಕ್ಕಳಿಗೆ ಡಯಾಲಿಸಿಸ್ ಮಾಡುವ ವ್ಯವಸ್ಥೆ ಆ ದೇಶದಲ್ಲಿ ಇರಲಿಲ್ಲ. ಸಾಧ್ಯವಾದ ಕೆಲವರು ಗಡಿ ದಾಟಿ ಸೆನೆಗಲ್‌ಗೆ ಹೋದರು. ಸಾಧ್ಯವಾಗದವರು ವಾರ್ಡಿನಲ್ಲೇ ಕೂತರು. ದಾವಣಗೆರೆಯಿಂದ ಮಣಿಪಾಲಕ್ಕೋ ಬೆಂಗಳೂರಿಗೋ ಮಗುವನ್ನು ಎತ್ತಿಕೊಂಡು ಓಡುವವರನ್ನು ನಾನು ನೋಡಿದ್ದೇನೆ. ಸಾಲ ಮಾಡಿಯಾದರೂ ಹೋಗುತ್ತಾರೆ. ಪಾಸ್‌ಪೋರ್ಟ್ ಹಿಡಿದು ಇನ್ನೊಂದು ದೇಶಕ್ಕೆ ಓಡಬೇಕಾದ ಸ್ಥಿತಿ ಬೇರೆಯೇ.

ಇದೇ ಪುಟ್ಟ ದೇಶದಲ್ಲಿ ಜಗತ್ತಿನ ದೊಡ್ಡ ಸಂಶೋಧನಾ ಕೇಂದ್ರವೊಂದಿದೆ ಎಂಬುದು ನಮ್ಮಲ್ಲಿ ಹೆಚ್ಚಿನವರಿಗೆ ಗೊತ್ತಿಲ್ಲ. ಬಂಜುಲ್ ಹತ್ತಿರದ ಫಜಾರದಲ್ಲಿ ಬ್ರಿಟಿಷ್ ವೈದ್ಯಕೀಯ ಸಂಶೋಧನಾ ಮಂಡಳಿಯ ಘಟಕ 1947ರಿಂದ ಇದೆ. ಈಗ ಅದು ಲಂಡನ್ನಿನ ಹೈಜೀನ್ ಮತ್ತು ಟ್ರಾಪಿಕಲ್ ಮೆಡಿಸಿನ್ ಶಾಲೆಯ ಕೈಕೆಳಗಿದೆ. ಕೀಟನಾಶಕ ಹಚ್ಚಿದ ಸೊಳ್ಳೆ ಪರದೆ ಮಕ್ಕಳ ಸಾವು ತಗ್ಗಿಸುತ್ತದೆ ಎಂದು ಮೊದಮೊದಲು ತೋರಿಸಿಕೊಟ್ಟದ್ದು ಗ್ಯಾಂಬಿಯಾದ ಹಳ್ಳಿಗಳಲ್ಲಿ ನಡೆದ ಅಧ್ಯಯನ. 1990ರ ದಶಕದಲ್ಲಿ ಹಿಬ್ ಲಸಿಕೆಯ ದೊಡ್ಡ ಪ್ರಯೋಗ ಅಲ್ಲಿ ನಡೆಯಿತು. 40 ಸಾವಿರಕ್ಕೂ ಹೆಚ್ಚು ಕೂಸುಗಳು ಅದರಲ್ಲಿದ್ದವು. ಬಡ ದೇಶದ ಮಕ್ಕಳಲ್ಲೂ ಈ ಲಸಿಕೆ ನ್ಯುಮೋನಿಯಾ, ಮೆದುಳು ಜ್ವರ ತಡೆಯುತ್ತದೆ ಎಂದು ಗೊತ್ತಾಯಿತು. ಇವತ್ತು ನಮ್ಮ ಪಿಎಚ್‌ಸಿಗಳಲ್ಲಿ ಆರು, ಹತ್ತು, ಹದಿನಾಲ್ಕು ವಾರಕ್ಕೆ ಕೊಡುವ ಪೆಂಟಾವೇಲೆಂಟ್ ಚುಚ್ಚುಮದ್ದಿನಲ್ಲಿ ಆ ಹಿಬ್ ಲಸಿಕೆಯೂ ಇದೆ.

ಇನ್ನೂ ಹತ್ತಿರದ ಸಂಗತಿ ಬೇರೆ ಇದೆ. ಪುಣೆಯ ಸೀರಮ್ ಇನ್‌ಸ್ಟಿಟ್ಯೂಟ್ ತಯಾರಿಸಿದ ನ್ಯೂಮೊಸಿಲ್ ಎಂಬ ನ್ಯುಮೋನಿಯಾ ಲಸಿಕೆಯನ್ನು ಮಕ್ಕಳ ಮೇಲೆ ಪರೀಕ್ಷಿಸಿದ್ದು ಎಲ್ಲಿ ಗೊತ್ತಾ? ಅದೇ ಗ್ಯಾಂಬಿಯಾದಲ್ಲಿ. ಕೊನೆಯ ಹಂತದ ಪ್ರಯೋಗದಲ್ಲಿ 2,250 ಕೂಸುಗಳಿದ್ದವು. ಅದರ ಬೆಂಬಲದಿಂದಲೇ 2019ರ ಕೊನೆಯಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಮನ್ನಣೆ ಸಿಕ್ಕಿತು. 2020ರ ಡಿಸೆಂಬರ್‌ನಲ್ಲಿ ತಮ್ಮ ಹುದ್ದೆಯಲ್ಲಿದ್ದ ಅಂದಿನ ಸಚಿವರು ಇದನ್ನು ಭಾರತದ್ದೇ ಮೊದಲ ನ್ಯೂಮೊಕಾಕಲ್ ಲಸಿಕೆ ಎಂದು ಹೆಮ್ಮೆಯಿಂದ ಬಿಡುಗಡೆ ಮಾಡಿದರು. ಗ್ಯಾಂಬಿಯಾದ ತಾಯಂದಿರು ತಮ್ಮ ಕೂಸಿನ ತೊಡೆಯನ್ನು ಭಾರತದ ಲಸಿಕೆಗೆ ಒಡ್ಡಿದರು. ಅದರ ಲಾಭ ನಮಗೂ ಬಂತು. ಎರಡು ವರ್ಷ ಕಳೆಯುವುದರೊಳಗೆ ಅದೇ ಊರುಗಳಿಗೆ ನಾವು ಕಳಿಸಿದ್ದು ಏನು?

ಆ ಕೇಂದ್ರದಲ್ಲಿ ರೋಗಾಣುವಿನ ಜೀನ್ ಓದುವ ಯಂತ್ರಗಳಿವೆ. ಅದೇ ದೇಶದ ಸರ್ಕಾರದ ಬಳಿ ಒಂದು ಬಾಟಲಿ ಸಿರಪ್ ಪರೀಕ್ಷಿಸುವ ಲ್ಯಾಬ್ ಇರಲಿಲ್ಲ. ಸಂಶೋಧನೆಗೆ ಹೊರಗಿನ ಹಣ ಬರುತ್ತದೆ, ಔಷಧಿ ತಪಾಸಣೆಗೆ ಬರುವುದಿಲ್ಲ. ಲಸಿಕೆ ಪ್ರಯೋಗಕ್ಕೆ ಮಕ್ಕಳು ಬೇಕು, ಪ್ರಯೋಗ ಮುಗಿದ ಮೇಲೆ ಆ ಮಕ್ಕಳ ಕಿಡ್ನಿ ಯಾರ ಜವಾಬ್ದಾರಿ ಎಂದು ಯಾರೂ ಕೇಳುವುದಿಲ್ಲ. ಇದು ನಮ್ಮೊಬ್ಬರ ತಪ್ಪಲ್ಲ, ಲಂಡನ್ನಿನವರೂ ಜಿನೀವಾದ ವಿಶ್ವ ಆರೋಗ್ಯ ಸಂಸ್ಥೆಯವರೂ ಯೋಚಿಸಬೇಕಾದ ಮಾತು. ಆದರೆ ಈ ಪತ್ರ ದೆಹಲಿಗೆ.

ಗ್ಯಾಂಬಿಯಾದ ಔಷಧ ನಿಯಂತ್ರಣ ಸಂಸ್ಥೆ ಸರಿಯಾಗಿ ನೋಡಿಕೊಳ್ಳಬೇಕಿತ್ತು ಎಂದು ನಮ್ಮ ವ್ಯಾಪಾರದ ಕೆಲವರು ವಾದ ಮಾಡುತ್ತಾರೆ. ನಿಜ. ಅಲ್ಲಿನ ಸರ್ಕಾರ ಆ ಸಂಸ್ಥೆಯ ಮೇಲಿನ ಇಬ್ಬರು ಅಧಿಕಾರಿಗಳನ್ನು ಕೆಲಸದಿಂದ ತೆಗೆಯಿತು. ಸಂಸತ್ತಿನ ಸಮಿತಿ ವರದಿ ಕೊಟ್ಟಿತು. ಮಕ್ಕಳನ್ನು ಕಳೆದುಕೊಂಡ ಕುಟುಂಬಗಳು ಅಲ್ಲಿನ ಹೈಕೋರ್ಟಿಗೆ ಹೋದವು. 2023ರ ಜುಲೈ 1ರಿಂದ ಭಾರತದಿಂದ ಹೊರಡುವ ಪ್ರತಿ ಔಷಧಿ ಮಾಲನ್ನೂ ಹಡಗು ಹತ್ತುವ ಮೊದಲೇ ಇಲ್ಲೇ ತಪಾಸಣೆ ಮಾಡಿಸಬೇಕು ಎಂದು ಗ್ಯಾಂಬಿಯಾ ನಿಯಮ ತಂದಿತು. ಅವರ ಕೈಲಾದದ್ದು ಅವರು ಮಾಡಿದ್ದಾರೆ. ಆದರೆ ಲ್ಯಾಬ್ ಇಲ್ಲದ ದೇಶ ಏನನ್ನು ನಂಬಿ ಮಾಲು ಇಳಿಸಿಕೊಳ್ಳುತ್ತದೆ? ನಮ್ಮ ಲೈಸೆನ್ಸ್, ನಮ್ಮ ಸರ್ಟಿಫಿಕೇಟ್, ನಮ್ಮ ಸೀಲು. ನನ್ನ ಗಿರಾಕಿಯೂ ಹಾಗೇ. ಬಾಟಲಿ ಒಡೆದು ಒಳಗೇನಿದೆ ಎಂದು ಅವನು ನೋಡಲಾರ. ನಿಜ ಹೇಳಬೇಕೆಂದರೆ ನಾನೂ ನೋಡಲಾರೆ. ಬ್ಯಾಚ್ ನಂಬರ್, ಎಕ್ಸ್‌ಪೈರಿ, ಸ್ಟಾಕಿಸ್ಟ್ ಬಿಲ್ಲು, ಇಷ್ಟೇ ನನ್ನ ಕೈಯಲ್ಲಿರುವುದು. ಕಳಪೆ ಔಷಧಿಗಳ ಪಟ್ಟಿ ತಮ್ಮ ಇಲಾಖೆಯಿಂದ ತಿಂಗಳಿಗೊಮ್ಮೆ ಬರುತ್ತದೆ. ಅದು ವ್ಯಾಪಾರಿಗಳ ವಾಟ್ಸ್ಯಾಪ್ ಗ್ರೂಪಿಗೆ ಬಂದು ಬೀಳುವಷ್ಟರಲ್ಲಿ ಎಷ್ಟೋ ಸಲ ಆ ಬ್ಯಾಚ್ ಖಾಲಿಯಾಗಿರುತ್ತದೆ.

ತಾವೂ ಏನೂ ಮಾಡಲಿಲ್ಲ ಎಂದು ನಾನು ಹೇಳುವುದಿಲ್ಲ. 2023ರ ಜೂನ್ 1ರಿಂದ ರಫ್ತಾಗುವ ಕೆಮ್ಮಿನ ಸಿರಪ್‌ಗೆ ಸರ್ಕಾರಿ ಲ್ಯಾಬಿನ ಪರೀಕ್ಷೆ ಕಡ್ಡಾಯವಾಯಿತು. ಉತ್ಪಾದನೆಯ ಗುಣಮಟ್ಟದ ಷೆಡ್ಯೂಲ್ ಎಂ ನಿಯಮಗಳೂ ಬಿಗಿಯಾದವು. ಸಣ್ಣ ಕಂಪನಿಗಳಿಗೆ ಕೊಟ್ಟ ಗಡುವನ್ನು ಮಾತ್ರ ಮುಂದಕ್ಕೆ ಹಾಕಲಾಯಿತು. ರಫ್ತಿಗೆ ಬಂದ ಆ ಪರೀಕ್ಷೆ ದೇಶದೊಳಗೆ ಮಾರುವ ಸಿರಪ್‌ಗೆ ಬರಲಿಲ್ಲ. 2025ರಲ್ಲಿ ಮಧ್ಯಪ್ರದೇಶದ ಛಿಂದ್ವಾಡಾದಲ್ಲಿ 20ಕ್ಕೂ ಹೆಚ್ಚು ಮಕ್ಕಳು ಸತ್ತರು. ತಮಿಳುನಾಡಿನ ಕಾಂಚೀಪುರಂ ಜಿಲ್ಲೆಯಲ್ಲಿ ತಯಾರಾದ ಕೋಲ್ಡ್ರಿಫ್ ಸಿರಪ್ಪಿನಲ್ಲಿ ಅದೇ ಡೈಎಥಿಲೀನ್ ಗ್ಲೈಕಾಲ್ ಸಿಕ್ಕಿತು. ನೂರಕ್ಕೆ 0.10 ದಾಟಬಾರದ ಕಡೆ 48ಕ್ಕೂ ಜಾಸ್ತಿ. ಗ್ಯಾಂಬಿಯಾದ ತನಿಖೆಯನ್ನು ಕಚ್ಚಾ ಮಾಲಿನ ಡ್ರಮ್ಮಿನವರೆಗೆ ಎಳೆದು, ಅದನ್ನು ಯಾರು ಮಾರಿದರು, ಯಾರು ಲೇಬಲ್ ಬದಲಿಸಿದರು ಎಂದು ಆಗಲೇ ಬಯಲು ಮಾಡಿದ್ದರೆ ಇಡೀ ಸಿರಪ್ ವ್ಯಾಪಾರ ಎಚ್ಚರವಾಗುತ್ತಿತ್ತು ಎಂಬುದು ನನ್ನ ನಂಬಿಕೆ.

ಭಾರತದ ಔಷಧಿಗೆ ಆಫ್ರಿಕಾದಲ್ಲಿ ಇರುವ ಹೆಸರು ಸುಮ್ನೆ ಬಂದದ್ದಲ್ಲ. 2001ರಲ್ಲಿ ಸಿಪ್ಲಾ ಕಂಪನಿ ಎಚ್‌ಐವಿಯ ಮೂರು ಔಷಧಿಗಳನ್ನು ದಿನಕ್ಕೆ ಒಂದು ಡಾಲರ್‌ಗಿಂತ ಕಡಿಮೆಗೆ ಕೊಡುತ್ತೇನೆ ಎಂದಾಗ ದೊಡ್ಡ ದೊಡ್ಡ ಕಂಪನಿಗಳು ಬೆಲೆ ಇಳಿಸಬೇಕಾಯಿತು. ಅಲ್ಲಿ ಲಕ್ಷಾಂತರ ಜನ ಇವತ್ತು ಬದುಕಿರುವುದರಲ್ಲಿ ನಮ್ಮ ಜೆನೆರಿಕ್ ಔಷಧಿಯ ಪಾಲು ದೊಡ್ಡದು. ಆ ಹೆಸರನ್ನು ಉಳಿಸಲೆಂದೇ ತನಿಖೆಯನ್ನು ಮೆತ್ತಗೆ ಮಾಡಿದಂತೆ ಕಾಣುತ್ತದೆ. ಹೆಸರು ಉಳಿದದ್ದು ಗುಣದಿಂದ, ಪತ್ರಿಕಾ ಹೇಳಿಕೆಯಿಂದಲ್ಲ. 2023ರ ಮಾರ್ಚ್‌ನಲ್ಲಿ ಅಮೆರಿಕದ ರೋಗ ನಿಯಂತ್ರಣ ಸಂಸ್ಥೆಯಾದ ಸಿಡಿಸಿ ಮತ್ತು ಗ್ಯಾಂಬಿಯಾದ ತಜ್ಞರು ಸೇರಿ ಪ್ರಕಟಿಸಿದ ವರದಿ, ಆಮದು ಮಾಡಿದ ವಿಷಪೂರಿತ ಔಷಧಿಯೇ ಈ ಕಿಡ್ನಿ ತೊಂದರೆಗೆ ಕಾರಣ ಎಂದು ಬಲವಾಗಿ ಸೂಚಿಸಿತು. ಅದಕ್ಕೆ ನಮ್ಮ ಕಡೆಯಿಂದ ಅಷ್ಟೇ ವಿವರವಾದ, ದಾಖಲೆಯಿರುವ ಉತ್ತರ ಬರಬೇಕಿತ್ತು.

ಹಾಗಾಗಿ ನನ್ನ ಬೇಡಿಕೆಗಳು ಇವು. ಗ್ಯಾಂಬಿಯಾ ಪ್ರಕರಣಕ್ಕೆಂದು ಕೇಂದ್ರ ನೇಮಿಸಿದ್ದ ತಜ್ಞರ ಸಮಿತಿಯ ವರದಿಯನ್ನು ಪೂರ್ತಿಯಾಗಿ ಪ್ರಕಟಿಸಿ. ಅದರ ಜೊತೆಗೆ ಕಂಟ್ರೋಲ್ ಸ್ಯಾಂಪಲ್ ಯಾವ ದಿನ, ಯಾರ ಸಮ್ಮುಖದಲ್ಲಿ ತೆಗೆದರು, ಸೀಲು ಹೇಗಿತ್ತು, ಯಾವ ವಿಧಾನದಲ್ಲಿ ಪರೀಕ್ಷಿಸಿದರು ಎಂಬ ಕಾಗದಗಳೂ ಇರಲಿ. ಆ ಪ್ರೊಪಿಲೀನ್ ಗ್ಲೈಕಾಲ್ ಎಲ್ಲಿಂದ ಬಂತು ಎಂಬ ಜಾಡನ್ನು ಮತ್ತೆ ಹಿಡಿಸಿ. ಗ್ಯಾಂಬಿಯಾದ ಕೋರ್ಟು ಏನು ಕಾಗದ ಕೇಳಿದರೂ, ಯಾರಿಗೆ ನೋಟಿಸ್ ತಲುಪಿಸಬೇಕೆಂದರೂ ವಿದೇಶಾಂಗ ಇಲಾಖೆಯ ಮೂಲಕ ತಡ ಮಾಡದೆ ಸಹಕರಿಸಿ. ಪರಿಹಾರ ಯಾರು ಕೊಡಬೇಕು ಎಂಬುದನ್ನು ಕೋರ್ಟು ಹೇಳಲಿ. ಅದು ಹೇಳುವವರೆಗೆ ಕಾಯದೆ, ಬಂಜುಲ್‌ನ ಆಸ್ಪತ್ರೆಯಲ್ಲಿ ಮಕ್ಕಳ ಡಯಾಲಿಸಿಸ್ ಘಟಕ ಗಟ್ಟಿಯಾಗುವಂತೆ ಯಂತ್ರ, ನರ್ಸ್ ತರಬೇತಿ, ಮೊದಲ ಕೆಲವು ವರ್ಷದ ಖರ್ಚು ನಾವು ಕೊಡೋಣ. ನಮ್ಮಲ್ಲಿ ಐಟೆಕ್ ಯೋಜನೆಯಡಿ ಬೇರೆ ದೇಶದವರಿಗೆ ತರಬೇತಿ ಕೊಡುತ್ತೇವಲ್ಲ, ಅದರಲ್ಲಿ ಗ್ಯಾಂಬಿಯಾದ ಲ್ಯಾಬ್ ಟೆಕ್ನಿಷಿಯನ್‌ಗಳಿಗೆ ಜಾಗ ಮೀಸಲಿಡಿ. ಈ ವಿಷವನ್ನು ಪತ್ತೆ ಹಚ್ಚಲು ಕೋಟಿಗಟ್ಟಲೆ ಬೆಲೆಯ ಯಂತ್ರವೇ ಬೇಕೆಂದಿಲ್ಲ. ಥಿನ್ ಲೇಯರ್ ಕ್ರೊಮಟೋಗ್ರಫಿಯಂಥ ಸರಳ ವಿಧಾನದಲ್ಲಿ ಮೊದಲ ಜರಡಿ ಹಿಡಿಯಬಹುದು, ಅನುಮಾನ ಬಂದದ್ದನ್ನು ಮಾತ್ರ ದೊಡ್ಡ ಲ್ಯಾಬಿಗೆ ಕಳಿಸಬಹುದು.

ಇನ್ನೊಂದು, ನಮ್ಮಂಥ ಅಂಗಡಿಯವರಿಗಾಗಿ. ರಫ್ತಿಗೂ ಒಳಗಿನ ಮಾರಾಟಕ್ಕೂ ಸಿರಪ್ ಪರೀಕ್ಷೆಯ ನಿಯಮ ಒಂದೇ ಆಗಲಿ. ಪ್ರತಿ ಬ್ಯಾಚಿನ ವರದಿ ಮೊಬೈಲಿನಲ್ಲೇ ನೋಡುವಂತಾಗಲಿ. ಬಂಜುಲ್‌ನ ಫಾರ್ಮಸಿಯವನೂ ದಾವಣಗೆರೆಯ ನಾನೂ ಬ್ಯಾಚ್ ನಂಬರ್ ಒತ್ತಿದರೆ ಒಂದೇ ಉತ್ತರ ಬರಬೇಕು. ಬ್ಯಾಚ್ ವಾಪಸ್ ತರಿಸುವ ಆದೇಶ ಹೊರಟ ದಿನವೇ ನಮಗೆ ತಲುಪಲಿ.

ಈ ಪತ್ರಕ್ಕೆ ನನಗೆ ಉತ್ತರ ಬರೆಯಬೇಕೆಂದಿಲ್ಲ. ಗ್ಯಾಂಬಿಯಾದ ಆರೋಗ್ಯ ಸಚಿವಾಲಯಕ್ಕೆ ಬರೆಯಿರಿ, ಮಕ್ಕಳನ್ನು ಕಳೆದುಕೊಂಡ ಕುಟುಂಬಗಳ ವಕೀಲರಿಗೆ ಒಂದು ಪ್ರತಿ ಕಳಿಸಿ, ಇನ್ನೊಂದನ್ನು ತಮ್ಮ ಇಲಾಖೆಯ ವೆಬ್‌ಸೈಟಿನಲ್ಲಿ ಹಾಕಿ. ಸಂಸತ್ತಿನ ಮುಂದಿನ ಅಧಿವೇಶನದೊಳಗೆ ಇಷ್ಟಾದರೂ ಆಗಲಿ ಎಂದು ಕೇಳಿಕೊಳ್ಳುತ್ತೇನೆ. ನಮ್ಮ ಜಿಲ್ಲೆಯ ಸಂಸದರಿಗೂ ಈ ಪತ್ರದ ಪ್ರತಿ ಕೊಡುತ್ತಿದ್ದೇನೆ.

ಇಂತಿ ತಮ್ಮ ವಿಶ್ವಾಸಿ,
ಒಬ್ಬ ಔಷಧಿ ಅಂಗಡಿಯವ
ದಾವಣಗೆರೆ